ನೀರು ಉಗುಳದ ಮೃಗ ಗಾರ್ಗಾಯ್ಲ್ ಅಲ್ಲ

ಪ್ರಶ್ನೆ: ನಾವು ಡೊಂಬಿವಲಿಯವರು. ಎಂಟನೆಯ ತರಗತಿಯಲ್ಲಿರುವ ಮಗಳಿಗೆ ಮುಂಬಯಿಯ ಹಳೆಯ ಕಟ್ಟಡಗಳ ಬಗ್ಗೆ ಬರೆದುಕೊಂಡು ಬರಲು ಶಾಲೆಯಲ್ಲಿ ಹೇಳಿದ್ದಾರೆ. ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನ ಮೇಲ್ಭಾಗದಿಂದ ಹೊರಚಾಚಿರುವ ಮೃಗಗಳ ಹೆಸರು ‘ಗಾರ್ಗಾಯ್ಲ್’ ಎಂದು ಅವಳ ಪುಸ್ತಕದಲ್ಲಿದೆ. ನಮಗೆ ಕಟ್ಟಡ ತೋರಿಸಿದ ಗೈಡ್, ಅವು ಭೂತಪ್ರೇತಗಳನ್ನು ಓಡಿಸಲು ಇಟ್ಟವು ಎಂದರು. ಮಾವನವರು ಅವು ನಮ್ಮ ದೇವಸ್ಥಾನದ ಕೀರ್ತಿಮುಖವೇ ಎನ್ನುತ್ತಾರೆ. ಹೈಕೋರ್ಟಿನ ಕಂಬದ ಮೇಲಿರುವ ಮಂಗವೂ ಗಾರ್ಗಾಯ್ಲೇ? ಈ ಪದ ಎಲ್ಲಿಂದ ಬಂತು? ಕನ್ನಡದಲ್ಲಿ ಏನೆಂದು ಬರೆಯಬೇಕು?

ಉತ್ತರ: ಚಾವಣಿಯ ಮೇಲೆ ಬಿದ್ದ ಮಳೆನೀರನ್ನು ಗೋಡೆಗೆ ತಾಗದಂತೆ ಆಚೆಗೆ ಚೆಲ್ಲಲು ಕಲ್ಲಿನಲ್ಲಿ ಕಡೆದು ಹೊರಚಾಚಿಸಿದ ನೀರುಬಾಯಿಯೇ ಗಾರ್ಗಾಯ್ಲ್. ಅದಕ್ಕೆ ಸಿಂಹದ ಮುಖವಿರಬಹುದು, ನಾಯಿಯ ಮುಖವಿರಬಹುದು, ಬಾಯಿ ತೆರೆದು ಅಳುತ್ತಿರುವ ಮನುಷ್ಯನ ಮುಖವೂ ಇರಬಹುದು. ಮುಖ ಯಾವುದು ಎಂಬುದರಿಂದ ಅದಕ್ಕೆ ಆ ಹೆಸರು ಬಂದದ್ದಲ್ಲ, ಮಾಡುವ ಕೆಲಸದಿಂದ ಬಂದದ್ದು. ನೀರು ಸಾಗಿಸದಿದ್ದರೆ ಎಷ್ಟು ಭೀಕರ ಮೃಗವಾದರೂ ಅದು ಗಾರ್ಗಾಯ್ಲ್ ಅಲ್ಲ. ಆದ್ದರಿಂದ ಹೈಕೋರ್ಟಿನ ಮಂಗವೂ ಗಾರ್ಗಾಯ್ಲ್ ಅಲ್ಲ, ದೇವಸ್ಥಾನದ ಕೀರ್ತಿಮುಖವೂ ಗಾರ್ಗಾಯ್ಲ್ ಅಲ್ಲ. ಗೈಡ್ ಹೇಳಿದ್ದಕ್ಕೆ ಮುಂದೆ ಬರುತ್ತೇನೆ. ಈ ನಗರದ ಹಳೆಯ ಕಟ್ಟಡಗಳ ದುರಸ್ತಿಯಲ್ಲಿ ತೊಡಗಿರುವವನಾಗಿ ನನಗೆ ಈ ವ್ಯತ್ಯಾಸ ಬಹಳ ಮುಖ್ಯ. ಗಾರ್ಗಾಯ್ಲನ್ನು ಬರಿಯ ಅಲಂಕಾರವೆಂದು ತಿಳಿದವರು ಅದರ ಗಂಟಲನ್ನು ತೆರೆದಿಡಬೇಕೆಂದು ಯೋಚಿಸುವುದಿಲ್ಲ. ಆಮೇಲೆ ಸೋರುವುದು ಗೋಡೆ.

ಮೊದಲು ಪದದ ವಿಚಾರ. ಹಳೆಯ ಫ್ರೆಂಚ್ ಭಾಷೆಯಲ್ಲಿ ‘ಗಾರ್ಗೂಯ್’ ಎಂದರೆ ಗಂಟಲು. ನೀರು ಹೊರಬೀಳುವ ಬಾಯಿಗೂ ಅದೇ ಹೆಸರಾಯಿತು. ಅಲ್ಲಿಂದ ಇಂಗ್ಲಿಷಿಗೆ ಹೋಗಿ ‘ಗಾರ್ಗಾಯ್ಲ್’ ಆಯಿತು. ಗಂಟಲು ನೋಯುವಾಗ ಉಪ್ಪುನೀರು ಹಾಕಿಕೊಂಡು ಮಾಡುವ ‘ಗಾರ್ಗಲ್’ ಕೂಡ ಇದೇ ಬುಡದ್ದು. ಗಂಟಲಿಗೆ ಲ್ಯಾಟಿನ್ನಿನಲ್ಲಿದ್ದ ‘ಗುರ್ಗುಲಿಯೊ’ ಎಂಬ ಮಾತೂ ಇದರ ಹತ್ತಿರದ್ದೇ. ಎಲ್ಲದರ ಹಿಂದಿರುವುದು ಇಕ್ಕಟ್ಟಾದ ದಾರಿಯಲ್ಲಿ ನೀರು ನುಗ್ಗುವಾಗ ಏಳುವ ಸದ್ದು. ನಮ್ಮ ‘ಗೊರಗೊರ’, ಸಂಸ್ಕೃತದ ‘ಘರ್ಘರ’ ಇವೂ ಸದ್ದನ್ನು ಅನುಕರಿಸಿ ಹುಟ್ಟಿದ ಮಾತುಗಳು. ಹಾಗೆಂದು ಒಂದರಿಂದ ಇನ್ನೊಂದು ಬಂತು ಎಂದು ಹೇಳಲು ಹೊರಡಬಾರದು. ಕಿವಿಗೆ ಬಿದ್ದ ಸದ್ದು ಎಲ್ಲೆಡೆ ಒಂದೇ ಆಗಿದ್ದಾಗ ಮಾತುಗಳು ಅಕ್ಕಪಕ್ಕ ಬಂದು ನಿಲ್ಲುತ್ತವೆ, ಅಷ್ಟೆ. ಜರ್ಮನ್ ಭಾಷಿಕರು ಸುತ್ತಿಬಳಸದೆ ಇದನ್ನು ‘ವಾಸರ್‌ಶ್ಪೈಯರ್’, ಅಂದರೆ ನೀರು ಉಗುಳುವಂಥದ್ದು ಎಂದು ಕರೆಯುತ್ತಾರೆ. ಇಟಲಿಯವರ ‘ದೊಚ್ಚೋನೆ’ಯಲ್ಲಿಯೂ ಇರುವುದು ನೀರಿನ ಕೊಳವೆಯೇ. ಇವುಗಳಲ್ಲಿ ಯಾವ ಹೆಸರಿನಲ್ಲೂ ಮೃಗವಿಲ್ಲ, ಭೂತವಿಲ್ಲ.

ಆದರೂ ಪದಕ್ಕೆ ಒಂದು ಕತೆ ಅಂಟಿಕೊಂಡಿದೆ, ಒಳ್ಳೆಯ ಕತೆ. ಫ್ರಾನ್ಸಿನ ರುಆಂ ಪಟ್ಟಣದ ಬಳಿ, ಸೇನ್ ನದಿಯಲ್ಲಿ ಗಾರ್ಗೂಯ್ ಎಂಬ ಉದ್ದ ಕತ್ತಿನ ಸರ್ಪಮೃಗವೊಂದಿತ್ತಂತೆ. ದೋಣಿಗಳನ್ನು ನುಂಗುವುದು, ಬೆಂಕಿ ಉಗುಳುವುದು, ನೀರು ಉಗುಳಿ ಹೊಲಗಳನ್ನು ಮುಳುಗಿಸುವುದು ಅದರ ಕೆಲಸ. 7ನೆಯ ಶತಮಾನದಲ್ಲಿ ಅಲ್ಲಿ ಬಿಷಪ್ ಆಗಿದ್ದ ಸಂತ ರೋಮ್ಯಾಂ ಅದನ್ನು ಎದುರಿಸಲು ಹೊರಟಾಗ ಜೊತೆಗೆ ಬರಲು ಊರಿನವರು ಯಾರೂ ಒಪ್ಪಲಿಲ್ಲ. ಮರಣದಂಡನೆಗೆ ಗುರಿಯಾಗಿದ್ದ ಕೈದಿಯೊಬ್ಬ ಮಾತ್ರ ಬಂದ. ಶಿಲುಬೆಯ ಗುರುತು ತೋರಿಸಿದೊಡನೆ ಮೃಗ ತಣ್ಣಗಾಯಿತು. ಸಂತನು ತನ್ನ ಉತ್ತರೀಯವನ್ನು ಅದರ ಕೊರಳಿಗೆ ಕಟ್ಟಿ ಊರಿಗೆ ನಡೆಸಿಕೊಂಡು ಬಂದ. ಜನ ಅದನ್ನು ಸುಟ್ಟರು. ಮೈಯೆಲ್ಲ ಬೂದಿಯಾದರೂ ಬೆಂಕಿ ಉಗುಳಿ ಉಗುಳಿ ಕಾದು ಗಟ್ಟಿಯಾಗಿದ್ದ ತಲೆ ಮತ್ತು ಕತ್ತು ಸುಡಲಿಲ್ಲ. ಅವನ್ನು ಚರ್ಚಿನ ಗೋಡೆಗೆ ತೂಗುಹಾಕಿದರು. ಮಳೆ ಬಂದಾಗ ಅದರ ಬಾಯಿಂದ ನೀರು ಸುರಿಯಿತು.

ಈ ಕತೆಗೂ ಒಂದು ನಿಜವಾದ ಪದ್ಧತಿಗೂ ನಂಟಿದೆ. ಪ್ರತಿವರ್ಷ ಕ್ರಿಸ್ತನ ಸ್ವರ್ಗಾರೋಹಣದ ಹಬ್ಬದಂದು ಒಬ್ಬ ಕೈದಿಯನ್ನು ಬಿಡುಗಡೆ ಮಾಡುವ ಹಕ್ಕು ರುಆಂ ಕ್ಯಾಥೆಡ್ರಲ್‌ಗೆ, ಅಂದರೆ ಅಲ್ಲಿನ ಬಿಷಪ್ಪರ ಮುಖ್ಯ ಚರ್ಚಿಗೆ, ಇತ್ತು. 1790ರವರೆಗೂ ಅದು ನಡೆಯಿತು. ಮೃಗವನ್ನು ಹಿಡಿಯಲು ನೆರವಾದ ಆ ಕೈದಿಯ ನೆನಪಿಗೆ ಈ ಹಕ್ಕು ಬಂತೆಂದು ಅಲ್ಲಿನವರು ಹೇಳಿಕೊಂಡರು. ಕತೆ ಬರಹದಲ್ಲಿ ಕಾಣಿಸಿಕೊಳ್ಳುವುದು ಸಂತನ ಕಾಲದಿಂದ ಹಲವು ಶತಮಾನಗಳ ನಂತರ. ಆ ಹೊತ್ತಿಗೆ ಫ್ರಾನ್ಸಿನ ಚರ್ಚುಗಳ ಮೇಲೆಲ್ಲ ಗಾರ್ಗಾಯ್ಲ್‌ಗಳು ನೀರು ಉಗುಳುತ್ತಿದ್ದವು. ಆದ್ದರಿಂದ ಮೃಗದ ಕತೆಯಿಂದ ಪದ ಹುಟ್ಟಲಿಲ್ಲ, ಪದಕ್ಕೆ ತಕ್ಕಂತೆ ಮೃಗದ ಕತೆ ಕಟ್ಟಿಕೊಂಡಿತು ಎಂಬುದು ನನ್ನ ನಿಲುವು. ನಿಮ್ಮ ಮಗಳು ಈ ಕತೆಯನ್ನು ಖಂಡಿತ ಬರೆಯಲಿ. ದಂತಕತೆ ಎಂಬ ಮಾತನ್ನು ಮಾತ್ರ ಬಿಡದಿರಲಿ.

ಮೃಗದ ಬಾಯಿಂದ ನೀರು ಬಿಡುವ ಉಪಾಯ ಈ ಪದಕ್ಕಿಂತ ಬಹಳ ಹಳೆಯದು. ಈಜಿಪ್ಟಿನ ದೇವಾಲಯಗಳ ಚಾವಣಿಯಲ್ಲಿ ಸಿಂಹದ ರೂಪದ ನೀರುಬಾಯಿಗಳಿದ್ದವು. ಗ್ರೀಸಿನ ಒಲಿಂಪಿಯಾದಲ್ಲಿ ಜ್ಯೂಸ್ ದೇವಾಲಯದ ಸೂರಿನಂಚಿನಲ್ಲಿ ಅಮೃತಶಿಲೆಯ ಸಿಂಹಮುಖಗಳ ಸಾಲೇ ಇತ್ತು. ಆದರೆ ನಾವು ಇಂದು ಗಾರ್ಗಾಯ್ಲ್ ಎನ್ನುವ ಉದ್ದ ಕತ್ತಿನ ರೂಪ 13ನೆಯ ಶತಮಾನದ ಆರಂಭದಲ್ಲಿ, ಉತ್ತರ ಫ್ರಾನ್ಸಿನಲ್ಲಿ ಬೆಳೆಯಿತು. ಲಾಂ ಪಟ್ಟಣದ ಕ್ಯಾಥೆಡ್ರಲ್‌ನಲ್ಲಿರುವವು ಆ ಬಗೆಯ ಅತಿ ಹಳೆಯವುಗಳಲ್ಲಿ ಸೇರುತ್ತವೆ.

ಕತ್ತು ಅಷ್ಟು ಉದ್ದವೇಕೆ ಎಂಬುದರಲ್ಲಿ ಅದರ ಹುಟ್ಟಿನ ಕಾರಣವಿದೆ. ಮಧ್ಯಯುಗದ ಯುರೋಪಿನಲ್ಲಿ ಬೆಳೆದ ಗಾಥಿಕ್ ಶೈಲಿಯ ಕಟ್ಟಡಗಳು ಬಹಳ ಎತ್ತರ, ಅವುಗಳ ಚಾವಣಿ ಕಡಿದಾದ ಇಳಿಜಾರು. ಚಾವಣಿಯ ನೀರೆಲ್ಲ ಕೆಳಗೆ ಗೋಡೆಯ ನೆತ್ತಿಗೆ ಬಂದು ಸೇರುತ್ತದೆ. ಅದನ್ನು ಹಾಗೆಯೇ ಬಿಟ್ಟರೆ ಗೋಡೆಯ ಮೈಮೇಲೆ ಹರಿದು ಕಲ್ಲಿನ ಸಂದುಗಳ ಸುಣ್ಣದ ಗಾರೆಯನ್ನು ತೊಳೆದುಹಾಕುತ್ತದೆ. ಗಾರೆ ಹೋದರೆ ಕಲ್ಲು ಸಡಿಲವಾಗುತ್ತದೆ. ಅದಕ್ಕೆಂದು ಚಾವಣಿಯ ಅಂಚಿನಲ್ಲಿ ಕಾಲುವೆ ಕಟ್ಟಿ, ಅನೇಕ ಕಡೆ ಗೋಡೆಯನ್ನು ಹೊರಗಿನಿಂದ ಆನಿಸಿಕೊಳ್ಳುವ ಕಮಾನುಗಳ ಬೆನ್ನ ಮೇಲೆಯೇ ತೋಡು ಕೊರೆದು, ನೀರನ್ನು ಅದರ ಮೂಲಕ ಹೊರತಂದು, ಕೊನೆಯಲ್ಲಿ ಗಾರ್ಗಾಯ್ಲ್‌ನ ಗಂಟಲಿಗೆ ಕೊಟ್ಟರು. ಮೃಗದ ಬೆನ್ನಿನಲ್ಲಿ ತೋಡಿರುತ್ತದೆ, ನೀರು ಬಾಯಿಂದ ಬೀಳುತ್ತದೆ. ಕತ್ತು ಉದ್ದವಾದಷ್ಟೂ ನೀರು ಗೋಡೆಯಿಂದ ದೂರ ಬೀಳುತ್ತದೆ. ಹೊರಗೆ ಚಾಚಿದ ಕಲ್ಲು ತನ್ನ ಭಾರಕ್ಕೆ ತಾನೇ ಮುರಿದು ಬೀಳಬಾರದಲ್ಲ, ಆದ್ದರಿಂದ ಅದೇ ಕಲ್ಲಿನ ದೊಡ್ಡ ಪಾಲು ಗೋಡೆಯೊಳಗೆ ಹುದುಗಿರುತ್ತದೆ. ನಮಗೆ ಕಾಣುವುದು ಮುಂಭಾಗ ಮಾತ್ರ. ಒಂದೇ ಕಡೆ ಎಲ್ಲ ನೀರು ಬೀಳದಂತೆ ಹಲವು ಬಾಯಿಗಳಿಗೆ ಹಂಚುವುದೂ ಈ ಲೆಕ್ಕಾಚಾರದ ಭಾಗ. ಊರಿನ ಮನೆಯ ಸೂರಿನಡಿ ಅಡಕೆ ಮರದ ದಂಬೆ ಕಟ್ಟಿ ಅಂಗಳಕ್ಕೆ ನೀರು ಬಿಡುವುದನ್ನು ಮಾವನವರು ಕಂಡಿದ್ದರೆ ಇದು ಅವರಿಗೆ ತಕ್ಷಣ ಅರ್ಥವಾಗುತ್ತದೆ. ಕೆಲಸ ಅದೇ, ಇಲ್ಲಿ ದಂಬೆಗೆ ಕಲ್ಲುಕುಟಿಗ ಮುಖ ಕೊಟ್ಟಿದ್ದಾನೆ.

ಚಾವಣಿಯಿಂದ ನೆಲದವರೆಗೆ ಕೊಳವೆ ಇಳಿಸುವುದು ರೂಢಿಗೆ ಬಂದಮೇಲೆ ಗಾರ್ಗಾಯ್ಲ್‌ನ ಅಗತ್ಯ ಕಡಿಮೆಯಾಯಿತು. ಲಂಡನ್ನಿನಲ್ಲಿ 1724ರ ಕಾಯ್ದೆ ಹೊಸ ಕಟ್ಟಡಗಳಿಗೆ ಇಂಥ ಕೊಳವೆಯನ್ನು ಕಡ್ಡಾಯ ಮಾಡಿತು. ದಾರಿಹೋಕರ ತಲೆಯ ಮೇಲೆ ನೀರು ಸುರಿಯುವುದು ನಿಂತಿತು.

19ನೆಯ ಶತಮಾನದಲ್ಲಿ ಗಾಥಿಕ್ ಶೈಲಿಗೆ ಮತ್ತೆ ಬೇಡಿಕೆ ಬಂದಾಗ ಮೃಗಗಳೂ ಮರಳಿ ಬಂದವು. ಗೊಂದಲ ಶುರುವಾದದ್ದು ಇಲ್ಲಿಂದಲೇ. ಪ್ಯಾರಿಸ್ಸಿನ ನಾತ್ರದಾಮ್ ಕ್ಯಾಥೆಡ್ರಲ್‌ನ ಗೋಪುರದ ಮೊಗಸಾಲೆಯಲ್ಲಿ ಗಲ್ಲಕ್ಕೆ ಕೈಯೂರಿ ಕುಳಿತು ನಗರವನ್ನು ನೋಡುವ ಕೊಂಬಿನ ಮೃಗದ ಚಿತ್ರವನ್ನು ನೀವು ಕಂಡಿರುತ್ತೀರಿ. ಜಗತ್ತೆಲ್ಲ ಅದನ್ನು ಗಾರ್ಗಾಯ್ಲ್ ಎನ್ನುತ್ತದೆ. ಅದು ಮಧ್ಯಯುಗದ್ದೂ ಅಲ್ಲ, ಗಾರ್ಗಾಯ್ಲೂ ಅಲ್ಲ. 1840ರ ದಶಕದಲ್ಲಿ ಆರಂಭವಾದ ಜೀರ್ಣೋದ್ಧಾರದ ವೇಳೆ ವಾಸ್ತುಶಿಲ್ಪಿ ವಿಯೊಲೆ-ಲ-ದ್ಯುಕ್ ಹೊಸದಾಗಿ ಸೇರಿಸಿದ ಶಿಲ್ಪಗಳಲ್ಲಿ ಒಂದು ಅದು. ಅದರ ಗಂಟಲಲ್ಲಿ ನೀರಿನ ದಾರಿ ಇಲ್ಲ. ಆ ಬಗೆಯವನ್ನು ಫ್ರೆಂಚರು ‘ಶಿಮೇರ್’ ಎನ್ನುತ್ತಾರೆ. ನೀರು ಸಾಗಿಸದ ಎಲ್ಲ ವಿಕಟ ಶಿಲ್ಪಗಳಿಗೆ ಇರುವ ಸಾಮಾನ್ಯ ಹೆಸರು ‘ಗ್ರೊಟೆಸ್ಕ್’. ಆ ಪದವೂ ವಿಚಿತ್ರವಾದ ದಾರಿಯಲ್ಲಿ ಬಂದದ್ದು: 15ನೆಯ ಶತಮಾನದ ಕೊನೆಯಲ್ಲಿ ರೋಮ್ ನಗರದಲ್ಲಿ ಚಕ್ರವರ್ತಿ ನೀರೋನ ಅರಮನೆಯ ಕೋಣೆಗಳು ಮಣ್ಣಿನಡಿ ಸಿಕ್ಕವು. ಇಳಿದು ನೋಡಿದವರಿಗೆ ಅವು ಗುಹೆಗಳಂತೆ ಕಂಡವು. ಗುಹೆಗೆ ಇಟಲಿಯ ಮಾತು ‘ಗ್ರೊತ್ತಾ’. ಗೋಡೆಯ ಮೇಲೆ ಬಳ್ಳಿ, ಮೃಗ, ಮನುಷ್ಯ ಒಂದರೊಳಗೊಂದು ಬೆರೆತ ಚಿತ್ರಗಳಿದ್ದವು. ಗುಹೆಯ ಚಿತ್ರಗಳ ಆ ಹೆಸರೇ ಎಲ್ಲ ವಿಚಿತ್ರ ರೂಪಗಳಿಗೂ ನಿಂತಿತು.

ಈಗ ಮುಂಬಯಿಗೆ ಬರೋಣ. ಎಫ್. ಡಬ್ಲ್ಯು. ಸ್ಟೀವನ್ಸ್ ವಿನ್ಯಾಸ ಮಾಡಿದ, ನೀವು ರೈಲಿಳಿಯುವ ಟರ್ಮಿನಸ್‌ನ ಕೆಲಸ 1878ರಲ್ಲಿ ಆರಂಭವಾಗಿ 1888ರಲ್ಲಿ ಮುಗಿಯಿತು; 2004ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕಟ್ಟಡದ ಎಲುಬು ಇಟಲಿಯ ಗಾಥಿಕ್ ಮಾದರಿಯದು. ಅದರ ಮೇಲಿನ ಕೆತ್ತನೆಯ ಬಹುಪಾಲು ಇಲ್ಲಿನದೇ. 1857ರಲ್ಲಿ ಜಮ್ಶೆಟ್‌ಜೀ ಜೀಜೀಭಾಯ್ ಅವರ ದಾನದಿಂದ ಆರಂಭವಾದ ಕಲಾಶಾಲೆಯ ವಿದ್ಯಾರ್ಥಿಗಳು ಆ ಕೆಲಸದಲ್ಲಿ ಕೈಜೋಡಿಸಿದರು. ಅದೇ ವರ್ಷಗಳಲ್ಲಿ, ಜಾನ್ ಗ್ರಿಫಿತ್ಸ್ ಅವರ ನೇತೃತ್ವದಲ್ಲಿ, ಅದೇ ಶಾಲೆಯ ವಿದ್ಯಾರ್ಥಿಗಳು ಅಜಂತಾದ ಚಿತ್ರಗಳನ್ನು ನಕಲು ಮಾಡುವ ದೊಡ್ಡ ಕಾರ್ಯದಲ್ಲಿಯೂ ಇದ್ದರು. ಯುರೋಪಿನ ಚೌಕಟ್ಟಿನಲ್ಲಿ ನವಿಲು, ಮಂಗ, ಹಾವು, ನಮ್ಮ ಗಿಡಬಳ್ಳಿಗಳು ಅಷ್ಟು ಸಹಜವಾಗಿ ಕುಳಿತಿರುವುದನ್ನು ನೋಡಿದಾಗ ನನಗೆ ಆ ಹೆಸರಿಲ್ಲದ ಕೈಗಳ ಮೇಲೆ ಗೌರವ ಉಕ್ಕುತ್ತದೆ. ಕಟ್ಟಡದ ಬಗ್ಗೆ ಬರೆಯುವವರು ಸ್ಟೀವನ್ಸ್ ಹೆಸರಿಗೇ ನಿಂತುಬಿಡುತ್ತಾರೆ. ನಿಮ್ಮ ಮಗಳು ಕಲಾಶಾಲೆಯ ಆ ಹುಡುಗರಿಗೂ ಒಂದು ವಾಕ್ಯ ಮೀಸಲಿಡಲಿ.

ಇಲ್ಲಿನ ಮೃಗಗಳೆಲ್ಲ ನೀರು ಉಗುಳುತ್ತವೆ ಎಂದುಕೊಳ್ಳಬಾರದು. ಈ ಕಟ್ಟಡ ಏಳುವ ಹೊತ್ತಿಗೆ ಬೀಡುಕಬ್ಬಿಣದ ಕೊಳವೆಗಳು ಎಲ್ಲೆಡೆ ಬಳಕೆಯಲ್ಲಿದ್ದವು, ಮೃಗವನ್ನು ಶೈಲಿಯ ಅಂದಕ್ಕಾಗಿಯೇ ಇಡುವುದು ಸಾಧ್ಯವಿತ್ತು. ಹಾಗಾಗಿ ಆ ಕಾಲದ ಗಾಥಿಕ್ ಕಟ್ಟಡಗಳಲ್ಲಿ ಎರಡೂ ಬಗೆಯವು ಪಕ್ಕಪಕ್ಕದಲ್ಲೇ ಇರುತ್ತವೆ. ಗುರುತಿಸುವುದು ಕಷ್ಟವಲ್ಲ. ಮೊದಲು ಜಾಗ ನೋಡಿ: ಗಾರ್ಗಾಯ್ಲ್ ಇರುವುದು ಚಾವಣಿಯ ನೀರು ಬಂದು ಸೇರುವಲ್ಲಿ, ಅಂದರೆ ಮೇಲಂಚಿನ ಗೋಡೆಯ ಬುಡದಲ್ಲಿ, ಗುಮ್ಮಟದ ಅಥವಾ ಗೋಪುರದ ಮೂಲೆಯಲ್ಲಿ. ಬಾಗಿಲ ಪಕ್ಕದಲ್ಲೋ ಕಂಬದ ತಲೆಯಲ್ಲೋ ಇದ್ದರೆ ಅದಕ್ಕೆ ನೀರು ಬರುವ ದಾರಿಯೇ ಇಲ್ಲ. ಆಮೇಲೆ ನಿಲುವು ನೋಡಿ: ಗೋಡೆಗೆ ಅಡ್ಡವಾಗಿ, ನೆಲಕ್ಕೆ ಸಮನಾಗಿ ಅಥವಾ ತುಸು ಕೆಳಮುಖವಾಗಿ ಚಾಚಿರಬೇಕು, ಬಾಯಿ ತೆರೆದಿರಬೇಕು. ಬಾಯಂಚಿನ ಕಲ್ಲು ಸವೆದಿದ್ದರೆ, ಕೆಳದವಡೆಯಲ್ಲಿ ಪಾಚಿಯ ಕಪ್ಪು ಗೆರೆ ಇದ್ದರೆ ಇನ್ನೂ ಒಳ್ಳೆಯ ಸಾಕ್ಷಿ. ಮಳೆಗಾಲದಲ್ಲಿ ಈ ಯಾವ ಸಾಕ್ಷಿಯೂ ಬೇಡ. ಪ್ಯಾರಿಸ್ಸಿನಲ್ಲಿ ಇಡೀ ವರ್ಷ ಬೀಳುವ ಮಳೆ 600 ಮಿಲಿಮೀಟರ್‌ಗಿಂತ ತುಸು ಹೆಚ್ಚು. ಮುಂಬಯಿಯಲ್ಲಿ ಸುಮಾರು 2,000 ಮಿಲಿಮೀಟರ್ ಮಳೆ ಹೆಚ್ಚುಕಡಿಮೆ ನಾಲ್ಕು ತಿಂಗಳಲ್ಲೇ ಸುರಿದುಬಿಡುತ್ತದೆ. ಗಾರ್ಗಾಯ್ಲ್‌ಗೆ ಇಲ್ಲಿರುವಷ್ಟು ದುಡಿಮೆ ಅದರ ತವರಿನಲ್ಲೂ ಇರಲಿಲ್ಲ.

ಹೈಕೋರ್ಟಿನ ಮಂಗದ ವಿಷಯ. ಕರ್ನಲ್ ಜೇಮ್ಸ್ ಫುಲ್ಲರ್ ವಿನ್ಯಾಸ ಮಾಡಿದ ಆ ಕಟ್ಟಡ 1878ರಲ್ಲಿ ಮುಗಿಯಿತು. ತಕ್ಕಡಿ ಹಿಡಿದ ಒಂಟಿಗಣ್ಣಿನ ಮಂಗ, ವಕೀಲರ ಕೊರಳಪಟ್ಟಿ ತೊಟ್ಟ ನರಿ ಕಂಬಗಳ ಮೇಲಿವೆ. ಗುತ್ತಿಗೆದಾರನೊಬ್ಬ ಮೊಕದ್ದಮೆ ಸೋತ ಸಿಟ್ಟಿಗೆ ಇವನ್ನು ಕೆತ್ತಿಸಿದ ಎಂಬ ಕತೆ ಊರಿನ ಬಾಯಲ್ಲಿದೆ. ಆದರೆ ಮೃಗಗಳಿಗೆ ದೊಡ್ಡವರ ವೇಷ ತೊಡಿಸುವುದು ಯುರೋಪಿನ ಚರ್ಚುಗಳ ಕೆತ್ತನೆಯಲ್ಲಿ ಬಹಳ ಹಿಂದಿನಿಂದ ನಡೆದುಬಂದದ್ದು. ಬಾತುಗಳಿಗೆ ಧರ್ಮಬೋಧೆ ಮಾಡುವ ನರಿ ಅಲ್ಲಿ ಹೆಜ್ಜೆಹೆಜ್ಜೆಗೂ ಸಿಗುತ್ತದೆ. ಆದ್ದರಿಂದ ಸೇಡಿನ ಕತೆ ಇಲ್ಲದೆಯೂ ಆ ಮಂಗ ಅಲ್ಲಿರಲು ಸಾಧ್ಯ. ಅದು ಕಂಬದ ಮೇಲಿನ ಅಲಂಕಾರ, ಗ್ರೊಟೆಸ್ಕ್.

ಗೈಡ್ ಹೇಳಿದ ಭೂತಪ್ರೇತದ ಮಾತಿಗೆ ಬರುತ್ತೇನೆ. ಗಾರ್ಗಾಯ್ಲ್‌ಗೆ ಮೃಗದ ಮುಖವೇಕೆ ಎಂಬುದನ್ನು ಕೆತ್ತಿದವರು ಬರೆದಿಡಲಿಲ್ಲ. ಕೆಡುಕನ್ನು ದೂರವಿಡಲು ಎಂಬುದು ಒಂದು ವಿವರಣೆ. ಓದು ಬಾರದ ಜನರಿಗೆ ನರಕದ ಭಯ ತೋರಿಸಲು ಎಂಬುದು ಇನ್ನೊಂದು. ಎರಡೂ ನಂತರದವರ ಊಹೆಗಳು. ಇದರ ಬಗ್ಗೆ ನನಗೆ ಅತಿ ಮುಖ್ಯವೆನಿಸುವ ಸಾಕ್ಷಿ ಸಂತ ಬರ್ನಾರ್ಡ್ 1125ರ ಸುಮಾರಿನಲ್ಲಿ ಬರೆದ ಆಕ್ಷೇಪ. ಸನ್ಯಾಸಿಗಳು ಓದಲು ಕೂರುವ ಮಠದ ಮೊಗಸಾಲೆಯಲ್ಲಿ ಈ ಕೊಳಕು ಮಂಗಗಳಿಗೆ, ಒಂದು ತಲೆ ಹಲವು ಮೈಗಳ ಜಂತುಗಳಿಗೆ ಏನು ಕೆಲಸ, ನಾಚಿಕೆಯಾಗದಿದ್ದರೆ ಖರ್ಚನ್ನಾದರೂ ನೋಡಬಾರದೇ ಎಂಬ ಅರ್ಥದಲ್ಲಿ ಅವರು ಕೇಳಿದ್ದರು. ಆ ಕಾಲದ ದೊಡ್ಡ ಧರ್ಮಗುರುವಿಗೇ ಇಂಥ ಮೃಗಗಳ ಧಾರ್ಮಿಕ ಅರ್ಥ ಹೊಳೆದಿರಲಿಲ್ಲ. ಹೀಗಿರುವಾಗ 750 ವರ್ಷಗಳ ನಂತರ ಮುಂಬಯಿಯ ರೈಲು ನಿಲ್ದಾಣವೊಂದು ಭೂತ ಓಡಿಸಲು ಮೃಗ ಕೆತ್ತಿಸಿತು ಎನ್ನಲು ಆಧಾರವಿಲ್ಲ. ನೀರಿಗೊಂದು ದಾರಿ ಬೇಕಿತ್ತು. ಶಿಲ್ಪಿಗೆ ಒಂದು ಬಾಯಿ ಸಿಕ್ಕಿತು. ಬಾಯಿಗೆ ತಕ್ಕ ಮುಖವನ್ನು ಅವನು ಸಂತೋಷದಿಂದ ಕೆತ್ತಿದ.

ನಿಮ್ಮ ಮಾವನವರ ಮಾತಿನಲ್ಲಿ ಒಂದು ಒಳ್ಳೆಯ ಸುಳಿವಿದೆ, ಅವರು ಹೇಳಿದ ಹೆಸರು ಮಾತ್ರ ಬೇರೆಯಾಗಬೇಕು. ಕೀರ್ತಿಮುಖ ಇರುವುದು ಬಾಗಿಲ ಮೇಲೆ, ತೋರಣದ ನೆತ್ತಿಯಲ್ಲಿ, ವಿಗ್ರಹದ ಪ್ರಭಾವಳಿಯ ತುದಿಯಲ್ಲಿ. ಶಿವನ ಅಪ್ಪಣೆಯಂತೆ ತನ್ನ ಮೈಯನ್ನೇ ತಿಂದು ಮುಖವೊಂದೇ ಉಳಿದ ಜೀವ ಅದು. ಅದಕ್ಕೂ ನೀರಿಗೂ ಸಂಬಂಧವಿಲ್ಲ. ನಮ್ಮ ದೇವಾಲಯಗಳಲ್ಲಿ ಗಾರ್ಗಾಯ್ಲ್‌ಗೆ ಹತ್ತಿರ ಬರುವುದು ಪ್ರಣಾಳ. ಗರ್ಭಗುಡಿಯ ಅಭಿಷೇಕದ ನೀರು ಹೊರಬರುವ ಕಲ್ಲಿನ ತೂಬು ಅದು, ಸಾಮಾನ್ಯವಾಗಿ ಉತ್ತರದ ಗೋಡೆಯಲ್ಲಿರುತ್ತದೆ. ಅನೇಕ ಕಡೆ ಅದಕ್ಕೆ ಮಕರದ ಬಾಯಿ, ಕೆಲವೆಡೆ ಹಸುವಿನ ಮುಖ. ಕೆಳಗೆ ಕುಳ್ಳ ಗಣವೊಂದು ಅದನ್ನು ಹೊತ್ತುನಿಂತಿರುವುದೂ ಉಂಟು. ಶಿವಾಲಯದಲ್ಲಿ ಪ್ರದಕ್ಷಿಣೆ ಹಾಕುವಾಗ ಸೋಮಸೂತ್ರವನ್ನು ದಾಟದೆ ಹಿಂದಿರುಗುತ್ತೇವಲ್ಲ, ಆ ಸೋಮಸೂತ್ರ ಈ ನೀರಿನ ದಾರಿಯೇ. ಹಳೆಯ ಮಹಾಬಳೇಶ್ವರದ ಪಂಚಗಂಗಾ ಮಂದಿರಕ್ಕೆ ಹೋದವರು ಗೋಮುಖದಿಂದ ನೀರು ಬೀಳುವುದನ್ನು ಕಂಡಿರುತ್ತಾರೆ. ವಿಜಯಪುರ, ಬಾಗಲಕೋಟೆಯ ಕಡೆ ತುಂಬಿ ಹರಿಯುವ ಕೃಷ್ಣೆಯ ಮೂಲವೆಂದು ನಾವು ಪೂಜಿಸುವುದು ಅದನ್ನೇ.

ಆದರೂ ಪ್ರಣಾಳ ಮತ್ತು ಗಾರ್ಗಾಯ್ಲ್ ಒಂದೇ ಎನ್ನಲಾರೆ. ಗಾರ್ಗಾಯ್ಲ್ ಕಟ್ಟಡಕ್ಕೆ ಕೇಡು ಮಾಡುವ ನೀರನ್ನು ಎತ್ತರದಿಂದ ಆಚೆಗೆ ಎಸೆಯುತ್ತದೆ. ಪ್ರಣಾಳ ದೇವರ ಮೈಮೇಲಿಂದ ಬಂದ ನೀರನ್ನು ಕೈಗೆಟಕುವ ಎತ್ತರದಲ್ಲಿ, ತೀರ್ಥವಾಗಿ ಕೊಡುತ್ತದೆ. ಒಂದನ್ನು ನೋಡಿ ಇನ್ನೊಂದನ್ನು ಮಾಡಿದರು ಎನ್ನುವ ಅಗತ್ಯವೂ ಇಲ್ಲ. ತೆರೆದ ಬಾಯಿಂದ ನೀರು ಬರಬೇಕೆಂಬುದು ಬೇರೆ ಬೇರೆ ನೆಲದ ಶಿಲ್ಪಿಗಳಿಗೆ ತಾನಾಗಿ ಹೊಳೆಯಬಹುದಾದ ಸಂಗತಿ.

ನೀವು ಕೇಳದ ಒಂದು ವಿಷಯವನ್ನು ಸೇರಿಸುತ್ತೇನೆ, ಏಕೆಂದರೆ ಇದು ನನ್ನ ಮನಸ್ಸಿಗೆ ಹತ್ತಿರದ್ದು. ನಮ್ಮ ಹಳೆಯ ಕಟ್ಟಡಗಳ ನೀರುಬಾಯಿಗಳಿಗೆ ದೊಡ್ಡ ಶತ್ರು ಪಾರಿವಾಳದ ಗೂಡು ಮತ್ತು ಅರಳಿ ಸಸಿ. ಹಕ್ಕಿ ಹಾಕಿದ ಬೀಜ ಗಂಟಲಲ್ಲಿ ಸೇರಿದ ಕಸದಲ್ಲಿ ಮೊಳೆಯುತ್ತದೆ, ಬೇರು ಗಾರೆಯ ಸಂದಿಗೆ ಇಳಿಯುತ್ತದೆ. ಬಾಯಿ ಕಟ್ಟಿದ ಮೇಲೆ ನೀರು ಹಿಂದಕ್ಕೆ ತಿರುಗಿ ಗೋಡೆಯ ಒಡಲಿಗೆ ಹೋಗುತ್ತದೆ. ಒಡೆದ ಮುಖಕ್ಕೆ ಸಿಮೆಂಟ್ ಮೆತ್ತಿ ಬಣ್ಣ ಬಳಿಯುವುದು ಇನ್ನೂ ಕೆಟ್ಟದ್ದು. ಕೆತ್ತನೆಗೆ ಹೆಚ್ಚಾಗಿ ಬಳಸಿದ ಪೋರಬಂದರಿನ ಸುಣ್ಣಕಲ್ಲು ಮೃದು, ತೇವವನ್ನು ಹೀರಿ ಹೊರಬಿಡುತ್ತದೆ. ಸಿಮೆಂಟ್ ಆ ದಾರಿಯನ್ನು ಮುಚ್ಚುತ್ತದೆ, ಆಗ ಒಳಗೆ ಸಿಕ್ಕಿದ ತೇವ ಮತ್ತು ಕಡಲ ಗಾಳಿಯ ಉಪ್ಪು ಸೇರಿ ಕಲ್ಲನ್ನೇ ಪುಡಿ ಮಾಡುತ್ತವೆ. ಮೇ ತಿಂಗಳು ಮುಗಿಯುವ ಮುನ್ನ ಗಂಟಲು ಸ್ವಚ್ಛ ಮಾಡಿ, ಸಸಿಯನ್ನು ಬೇರು ಸಮೇತ ತೆಗೆದು, ಸಂದುಗಳಿಗೆ ಸುಣ್ಣದ ಗಾರೆ ತುಂಬಿದರೆ ಸಾಕು. ಹಳೆಯ ಕಟ್ಟಡದಲ್ಲಿ ವಾಸಿಸುವ, ದುಡಿಯುವ ಕನ್ನಡಿಗರು ಈ ನಗರದಲ್ಲಿ ಕಡಿಮೆ ಇಲ್ಲ. ತಮ್ಮ ಸೊಸೈಟಿಯ ಸಭೆಯಲ್ಲಿ ಈ ಮಾತನ್ನು ಎತ್ತಿದರೆ ನನಗೆ ತುಂಬ ಸಂತೋಷ.

ಕನ್ನಡದಲ್ಲಿ ಬರೆಯುವಾಗ ಗಾಥಿಕ್ ಕಟ್ಟಡದ್ದನ್ನು ‘ಗಾರ್ಗಾಯ್ಲ್’ ಎಂದೇ ಬರೆಯಿರಿ, ಮೊದಲ ಸಲ ಬಂದಾಗ ‘ಮಳೆನೀರು ಉಗುಳುವ ಶಿಲ್ಪ’ ಎಂಬ ವಿವರಣೆ ಕೊಡಿ. ಪ್ರಣಾಳ ಎಂಬ ಹೆಸರನ್ನು ದೇವಾಲಯಕ್ಕೇ ಬಿಡುವುದು ಒಳ್ಳೆಯದು, ಇಲ್ಲವಾದರೆ ಅಭಿಷೇಕ ತೀರ್ಥಕ್ಕೂ ಚಾವಣಿಯ ನೀರಿಗೂ ವ್ಯತ್ಯಾಸ ಅಳಿಸಿಹೋಗುತ್ತದೆ. ನೀರಿನ ಕೆಲಸವಿಲ್ಲದ ಮೃಗಗಳಿಗೆ ‘ವಿಕಟ ಶಿಲ್ಪ’ ಎಂದರೆ ಸಾಕು. ಮಗಳು ಚಿತ್ರ ಅಂಟಿಸುವ ಮೊದಲು ಪ್ರತಿಯೊಂದರ ಜಾಗವನ್ನೂ ಬಾಯಿಯನ್ನೂ ಮತ್ತೊಮ್ಮೆ ನೋಡಿ, ಎರಡು ಪುಟಗಳಾಗಿ ಬೇರ್ಪಡಿಸಲಿ. ಪುಸ್ತಕದಲ್ಲಿ ಎಲ್ಲವನ್ನೂ ಗಾರ್ಗಾಯ್ಲ್ ಎಂದು ಬರೆದಿದ್ದರೆ ಅದನ್ನು ಟೀಚರ್ ಬಳಿ ಹೇಳಲು ಹಿಂಜರಿಯದಿರಲಿ.